ಕಪ್ಪು ಆಕಾಶ, ಮಿನುಗದ ನಕ್ಷತ್ರ



ಮನುಷ್ಯ ಚಂದ್ರನ ಮೇಲೆ ಇಳಿದದ್ದೇ ಸುಳ್ಳು ಎನ್ನುವವರ ಮಾತನ್ನು ನೀವು ಕೇಳಿರಬಹುದು. ಅಲ್ಲಿ ತೆಗೆದ ಫೋಟೋಗಳಲ್ಲಿ ಆಕಾಶ ಕಪ್ಪಗಿದೆ, ಆದರೆ ಒಂದು ನಕ್ಷತ್ರವೂ ಇಲ್ಲ ಎಂಬುದು ಅವರ ವಾದ. ಪ್ರಶ್ನೆ ಒಳ್ಳೆಯದೇ. ಆದರೆ ಉತ್ತರ ಹುಡುಕುವ ಮೊದಲೇ ತೀರ್ಪು ಕೊಟ್ಟುಬಿಡುತ್ತಾರಲ್ಲ, ಅದೇ ನನ್ನ ತಕರಾರು.

ಮೊದಲು ಬಣ್ಣದ ವಿಷಯ. ನಾವು ಕಾಣುವ ನೀಲಿ ಆಕಾಶದ್ದಲ್ಲ, ಗಾಳಿಯದು. ಸೂರ್ಯನ ಬೆಳಕಿನ ನೀಲಿ ಭಾಗವನ್ನು ಗಾಳಿಯ ಅಣುಗಳು ಹೆಚ್ಚಾಗಿ ಚದರಿಸುತ್ತವೆ. ಗಾಳಿಯೇ ಇಲ್ಲದ ಕಡೆ ಚದರಿಸುವವರಾರು? 1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ಕಂಡದ್ದು ಕಡುಗಪ್ಪು ಆಕಾಶ, ಭೂಮಿಯ ಅಂಚಿನಲ್ಲಿ ತೆಳುವಾದ ನೀಲಿ ಪಟ್ಟಿ.

ಹಾಗಿದ್ದರೆ ನಕ್ಷತ್ರಗಳು ಕಾಣಬೇಕಲ್ಲವೇ? ರಾತ್ರಿ ಮದುವೆ ಮನೆಯ ಅಂಗಳದಲ್ಲಿ ದೊಡ್ಡ ಲೈಟಿನ ಕೆಳಗೆ ನಿಂತು ಮೇಲೆ ನೋಡಿ. ಆಕಾಶ ಕಪ್ಪು, ನಕ್ಷತ್ರ ಇಲ್ಲ. ದೂರ ಹೋಗಿ ಕತ್ತಲೆಯಲ್ಲಿ ಹತ್ತು ನಿಮಿಷ ನಿಂತರೆ ಒಂದೊಂದೇ ಕಾಣತೊಡಗುತ್ತವೆ. ಚಂದ್ರನ ಮೇಲೆ ಮನುಷ್ಯ ಇಳಿದ ಆರು ಸಲವೂ ಅಲ್ಲಿ ಹಗಲಿತ್ತು. ಬಿಸಿಲಿಗೆ ಬೆಳಗುವ ನೆಲಕ್ಕೂ ಬಿಳಿ ಉಡುಪಿಗೂ ಹೊಂದಿಸಿದ ಕ್ಯಾಮೆರಾದಲ್ಲಿ ಮಂದ ನಕ್ಷತ್ರಗಳು ಮೂಡುವುದಿಲ್ಲ.

ಕತ್ತಲೆ ಸಿಕ್ಕರೆ ನೋಟವೇ ಬೇರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿ ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಅಲ್ಲಿರುವವರಿಗೆ ದಿನಕ್ಕೆ ಸುಮಾರು 16 ಸೂರ್ಯೋದಯ! ರಾತ್ರಿಯ ಭಾಗಕ್ಕೆ ಬಂದಾಗ ಒಳಗಿನ ದೀಪ ಆರಿಸಿದರೆ ನಕ್ಷತ್ರಗಳು ಮಿನುಗದೆ ಸ್ಥಿರವಾಗಿ ಬೆಳಗುತ್ತವೆ. ಇಲ್ಲಿ ಅವುಗಳನ್ನು ಮಿನುಗಿಸುವುದು ಅಲುಗಾಡುವ ಗಾಳಿ. 1971ರಲ್ಲಿ ಅಪೊಲೊ 15ರ ಆಲ್ಫ್ರೆಡ್ ವರ್ಡನ್ ಒಬ್ಬರೇ ಚಂದ್ರನ ಹಿಂಬದಿಯಲ್ಲಿ, ಸೂರ್ಯನೂ ಭೂಮಿಯೂ ಮರೆಯಾದ ಕತ್ತಲೆಯಲ್ಲಿ ಸಾಗಿದರು. ಅಲ್ಲಿ ಕಂಡ ನಕ್ಷತ್ರಗಳ ರಾಶಿಯಲ್ಲಿ ಪರಿಚಯದವನ್ನು ಗುರುತಿಸುವುದೇ ಅವರಿಗೆ ಕಷ್ಟವಾಯಿತು.

ಈ ಗುರುತಿಸುವಿಕೆ ಬರೀ ಚಂದಕ್ಕಲ್ಲ. ಅಪೊಲೊ ಯಾತ್ರಿಗಳ ಬಳಿ 37 ನಕ್ಷತ್ರಗಳ ಪಟ್ಟಿ ಇತ್ತು. ಅವನ್ನು ನೋಡಿಯೇ ನೌಕೆಯ ಮುಖ ಎತ್ತ ಇದೆಯೆಂದು ಸರಿಪಡಿಸಿಕೊಳ್ಳಬೇಕಿತ್ತು. ಆ ಪಟ್ಟಿಯ ಹೆಸರುಗಳನ್ನು ಕೇಳಿ: ಅಲ್ಡೆಬರಾನ್, ರೈಜೆಲ್, ಆಲ್ಟೇರ್, ದೆನೆಬ್. ಅರಬ್ಬಿ ಬಲ್ಲ ನಿಮಗೆ ಇವು ಅಪರಿಚಿತವಲ್ಲ. ಅದ್ದಬರಾನ್, ಕೃತ್ತಿಕೆಯನ್ನು ಹಿಂಬಾಲಿಸುವವನು. ರಿಜ್ಲ್ ಎಂದರೆ ಕಾಲು, ಝನಬ್ ಎಂದರೆ ಬಾಲ. 10ನೇ ಶತಮಾನದಲ್ಲಿ ಅಬ್ದುರ್ರಹ್ಮಾನ್ ಅಸ್ಸೂಫಿ ಅವರು ನಕ್ಷತ್ರಗಳ ಪ್ರಕಾಶವನ್ನು ಬರಿಗಣ್ಣಿನಿಂದ ಅಳೆದು ಗ್ರಂಥವನ್ನೇ ಬರೆದರು. ದೂರದರ್ಶಕ ಆಗಿನ್ನೂ ಹುಟ್ಟಿರಲಿಲ್ಲ.

1968ರ ಡಿಸೆಂಬರ್‌ನಲ್ಲಿ ಅಪೊಲೊ 8 ಚಂದ್ರನ ಬಳಿಯಿಂದ ಮರಳುವಾಗ ಜಿಮ್ ಲವೆಲ್ ಕೈತಪ್ಪಿನಿಂದ ಕಂಪ್ಯೂಟರಿಗೆ ತಪ್ಪು ಆಜ್ಞೆ ಕೊಟ್ಟರು. ದಿಕ್ಕಿನ ಲೆಕ್ಕ ಅಳಿಸಿಹೋಯಿತು. ರೈಜೆಲ್ ಮತ್ತು ಲುಬ್ಧಕ ನಕ್ಷತ್ರಗಳನ್ನು ಹಿಡಿದು ಅವರೇ ಅದನ್ನು ಸರಿಮಾಡಿದರು.

ಅದೇ ಲವೆಲ್ 1970ರ ಏಪ್ರಿಲ್‌ನಲ್ಲಿ ಅಪೊಲೊ 13ರ ನಾಯಕರಾಗಿದ್ದರು. ದಾರಿಯಲ್ಲಿ ಆಮ್ಲಜನಕದ ಟ್ಯಾಂಕ್ ಸಿಡಿಯಿತು. ದಿಕ್ಕು ಸರಿಯಿದೆಯೇ ಎಂದು ನೋಡಲು ನಕ್ಷತ್ರ ಹುಡುಕಿದರೆ, ಸುತ್ತ ತೇಲುತ್ತಿದ್ದ ಚೂರುಗಳೆಲ್ಲ ಬಿಸಿಲಿಗೆ ಹೊಳೆದು ನಕ್ಷತ್ರಗಳಂತೆಯೇ ಕಂಡವು! ನಿಜವಾದ ನಕ್ಷತ್ರ ಯಾವುದೆಂದು ತಿಳಿಯುವಂತಿರಲಿಲ್ಲ. ಆಗ ಯಾವ ಗೊಂದಲಕ್ಕೂ ಎಡೆಯಿಲ್ಲದ ನಕ್ಷತ್ರವೊಂದನ್ನು ಆರಿಸಿಕೊಂಡರು: ನಮ್ಮ ಸೂರ್ಯ. ಅದನ್ನು ನೋಡಿ ಪರೀಕ್ಷಿಸಿದಾಗ ದಿಕ್ಕು ಸರಿಯಾಗಿತ್ತು. ಏಪ್ರಿಲ್ 17ರಂದು ಮೂವರೂ ಜೀವಂತವಾಗಿ ಪೆಸಿಫಿಕ್ ಸಾಗರಕ್ಕೆ ಇಳಿದರು.