ಡೇರಿ ಸರ್ಕಲ್‌ನಿಂದ ಸಿಲ್ಕ್ ಬೋರ್ಡ್‌ವರೆಗೆ: ಆಮದು ಸುಂಕದ ಲೆಕ್ಕ



ಮುಕ್ತ ವ್ಯಾಪಾರ ಬೇಕೋ, ಸುಂಕದ ರಕ್ಷಣೆ ಬೇಕೋ ಎಂಬ ವಿಷಯ ಕೊಟ್ಟಿದ್ದೀರಿ. ಆಡಂ ಸ್ಮಿತ್‌ನಿಂದ ಶುರುಮಾಡುವುದು ವಾಡಿಕೆ. ನಾನು ಹೊಸೂರು ರಸ್ತೆಯಿಂದ ಶುರುಮಾಡುತ್ತೇನೆ. ಬೆಂಗಳೂರಿನ ಈ ವಿಲ್ಸನ್ ಗಾರ್ಡನ್ನಿನಿಂದ ದಕ್ಷಿಣಕ್ಕೆ ಹೊರಟರೆ ಮೊದಲು ಡೇರಿ ಸರ್ಕಲ್, ಆಮೇಲೆ ಸಿಲ್ಕ್ ಬೋರ್ಡ್. ಎರಡನ್ನೂ ನಾವು ಟ್ರಾಫಿಕ್ಕಿನ ಹೆಸರುಗಳಾಗಿಯೇ ಬಲ್ಲೆವು. ಆದರೆ ನಮ್ಮ ನಾಡಿನಲ್ಲಿ ಆಮದು ಸುಂಕದ ಜಗಳವನ್ನು ಹಾಲು, ರೇಷ್ಮೆಗಳಷ್ಟು ಕಂಡ ಸರಕು ಕಡಿಮೆ. ಅಡಿಕೆ, ಮೆಣಸಿನವರು ಕ್ಷಮಿಸಬೇಕು.

ರೇಷ್ಮೆಯ ಕೂಗು ಹಳೆಯದು. 1930ರ ದಶಕದ ಮುಗ್ಗಟ್ಟಿನಲ್ಲಿ ಜಪಾನು, ಚೀನಾಗಳ ಅಗ್ಗದ ರೇಷ್ಮೆ ಬಂದು ಮೈಸೂರು ಸೀಮೆಯ ಹಿಪ್ಪುನೇರಳೆ ತೋಟಗಳು ಸೊರಗಿದವು. ಸುಂಕ ಮಂಡಳಿ ವಿಚಾರಣೆ ನಡೆಸಿತು. 1934ರಲ್ಲಿ ರಕ್ಷಣೆಯ ಸುಂಕ ಬಂತು. ಅದೇ ನಾಟಕ ನಮ್ಮ ಕಣ್ಣೆದುರು ಮತ್ತೆ ನಡೆಯಿತು. 2011ರ ಕೇಂದ್ರ ಬಜೆಟ್ಟು ಕಚ್ಚಾ ರೇಷ್ಮೆಯ ಸುಂಕವನ್ನು ಶೇ. 30ರಿಂದ ಒಂದೇ ಏಟಿಗೆ ಶೇ. 5ಕ್ಕೆ ಇಳಿಸಿತು. ರಾಮನಗರದಲ್ಲಿ ಗೂಡಿನ ಬೆಲೆ ಕುಸಿದು ರೈತರು ರಸ್ತೆಗಿಳಿದರು. 2013ರಲ್ಲಿ ಸುಂಕ ಶೇ. 15ಕ್ಕೇರಿತು, ನಡುವೆ ಶೇ. 10ಕ್ಕಿಳಿದು 2021ರಲ್ಲಿ ಮತ್ತೆ ಶೇ. 15 ಆಯಿತು. ಹುಳ ನಾಲ್ಕು ಸಲ ಪೊರೆ ಬಿಟ್ಟು ಗೂಡು ಕಟ್ಟುತ್ತದೆ. ದೆಹಲಿಯದು ಎಷ್ಟನೆಯ ಪೊರೆಯೋ!

ಇಷ್ಟು ಹೇಳಿ ನಿಲ್ಲಿಸಿದರೆ ಕಥೆ ಸುಲಭ: ನಮ್ಮ ರೈತ ಒಂದು ಕಡೆ, ಚೀನಾ ಇನ್ನೊಂದು ಕಡೆ. ದೊಡ್ಡಬಳ್ಳಾಪುರದ ಮಗ್ಗದ ಮನೆಗೆ ಹೋದರೆ ಕಥೆ ತಿರುಗುತ್ತದೆ. ವಿದ್ಯುತ್ ಮಗ್ಗದ ಓಟಕ್ಕೆ ಹಾಸಿನ ನೂಲು ಗಟ್ಟಿಯಾಗಿರಬೇಕು, ಒಂದೇ ಸಮ ಇರಬೇಕು. ನಮ್ಮ ಮಿಶ್ರತಳಿ ಗೂಡಿನ ನೂಲು ಹೊಕ್ಕಿಗೆ ಆದೀತು, ಹಾಸಿನಲ್ಲಿ ಪದೇ ಪದೇ ಕಡಿಯುತ್ತದೆ. ಎಳೆ ಕಡಿದಾಗಲೆಲ್ಲ ಮಗ್ಗ ನಿಲ್ಲುತ್ತದೆ, ಕೂಲಿಯೂ ನಿಲ್ಲುತ್ತದೆ. ಅದಕ್ಕೇ ನೇಕಾರ ಚೀನಾ ನೂಲು ಕೇಳಿದ. ಸುಂಕ ಏರಿದರೆ ಅದನ್ನು ಕಟ್ಟುವವನು ಚೀನಾದವನಲ್ಲ, ನೂಲಿನ ಬೆಲೆಯ ಜೊತೆಗೆ ಕಟ್ಟುವವನು ಈ ನೇಕಾರ. ಗೂಡು ಬೆಳೆದವನೂ ಕನ್ನಡಿಗ, ಬಿಚ್ಚುವವನೂ ಕನ್ನಡಿಗ, ನೇಯುವವನೂ ಕನ್ನಡಿಗ. ಸುಂಕದ ಗೋಡೆ ಎದ್ದದ್ದು ದೇಶದ ಗಡಿಯಲ್ಲಿ ಎಂದುಕೊಂಡಿದ್ದೆವು. ಅದು ನಮ್ಮ ಮನೆಯ ನಡುಕೋಣೆಯಲ್ಲೇ ಇದೆ.

ಹಾಗಾದರೆ ಗೋಡೆ ಬೇಡವೇ? ಬೇಕು. ಗೋಡೆಯ ಮರೆಯಲ್ಲಿ ಸಿಕ್ಕ ಕಾಲವನ್ನು ಏನು ಮಾಡಿದಿರಿ ಎಂದು ಮಾತ್ರ ಕೇಳಬೇಕು. 1934ರಿಂದ ಎಷ್ಟೋ ದಶಕ ನಾವು ಮಿಶ್ರತಳಿಯಲ್ಲೇ ತೃಪ್ತರಾಗಿದ್ದೆವು. ಮೈಸೂರಿನ ಸಂಶೋಧನಾ ಸಂಸ್ಥೆ ಜಪಾನಿನ ಸಹಕಾರದಿಂದ ನಮ್ಮ ಹವೆಗೆ ಒಗ್ಗುವ, ಗಟ್ಟಿ ನೂಲು ಕೊಡುವ ದ್ವಿತಳಿ ಹುಳುಗಳನ್ನು ರೂಪಿಸಿದ್ದು 1990ರ ದಶಕದಲ್ಲಿ. ಒಳ್ಳೆಯ ನೂಲು ಬಿಚ್ಚುವ ಸ್ವಯಂಚಾಲಿತ ಯಂತ್ರ ಎಲ್ಲಿಂದ ಬಂತು? ಚೀನಾದಿಂದಲೇ! ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಜೆಮ್‌ಶೆಡ್‌ಜಿ ಟಾಟಾ ಜಪಾನಿನ ಪರಿಣತರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದ್ದರು. ಬಸವನಗುಡಿಯ ಆಚೆ ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆಯ ಹೆಸರು ಉಳಿದಿದೆ; ಪಾಠ ಉಳಿಯಲಿಲ್ಲ.

ಹಾಲಿನವರು ಜಾಣರು. 1970ರಲ್ಲಿ ಕ್ಷೀರಕ್ರಾಂತಿ ಶುರುವಾದಾಗ ಯುರೋಪಿನಲ್ಲಿ ಮಿಕ್ಕಿದ ಹಾಲಿನ ಪುಡಿ, ಬೆಣ್ಣೆಯೆಣ್ಣೆ ದಾನವಾಗಿ ಬಂದವು. ಬಿಟ್ಟಿ ಹಂಚಿದ್ದರೆ ಹಳ್ಳಿಯ ಹಸುವಿಗೆ ಬೆಲೆ ಇರುತ್ತಿರಲಿಲ್ಲ. ಆ ಕ್ರಾಂತಿಯ ಮುಂದಾಳು ವರ್ಗೀಸ್ ಕುರಿಯನ್ನರು ಅದನ್ನು ನಗರಗಳಲ್ಲಿ ಮಾರಿಸಿ, ಬಂದ ಹಣದಲ್ಲಿ ಸಹಕಾರ ಸಂಘಗಳನ್ನು ಕಟ್ಟಿಸಿದರು. ಮುಂದೆ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿದಾಗ ಕೆನೆರಹಿತ ಹಾಲಿನ ಪುಡಿಗೆ ಸುಂಕವೇ ಇಲ್ಲವೆಂಬ ಹಳೆಯ ಮಾತಿಗೆ ನಾವು ಸಿಕ್ಕಿಕೊಂಡಿದ್ದೆವು. ಮತ್ತೆ ಮಾತುಕತೆಗೆ ಕೂತು, ವರ್ಷಕ್ಕೆ 10,000 ಟನ್ ದಾಟಿದ ಮೇಲೆ ಶೇ. 60 ಸುಂಕ ಹಾಕುವ ಹಕ್ಕು ಪಡೆದೆವು. 2019ರ ನವೆಂಬರಿನಲ್ಲಿ ಬ್ಯಾಂಕಾಕಿನಲ್ಲಿ ಭಾರತ ಏಷ್ಯಾ-ಪೆಸಿಫಿಕ್ ದೇಶಗಳ ಆರ್‌ಸಿಇಪಿ ಮುಕ್ತ ವ್ಯಾಪಾರ ಒಪ್ಪಂದದಿಂದ ಹಿಂದೆ ಸರಿದಾಗ, ನ್ಯೂಜಿಲೆಂಡಿನ ಹಾಲಿನ ಪುಡಿಯ ಭಯವೂ ಒಂದು ಕಾರಣ. ತಾನು ಕರೆದ ಹಾಲಿನ ಬಹುಪಾಲನ್ನು ಹೊರಗೆ ಮಾರುವ ದೇಶ ಅದು. ನಮ್ಮಲ್ಲಿ ಎರಡು ಹಸು ಕಟ್ಟಿದ ಹೆಂಗಸು ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕಿ ಬರುತ್ತಾಳೆ. ಗ್ರಾಹಕ ಕೊಟ್ಟ ಹೆಚ್ಚಿನ ರೂಪಾಯಿ ಬಹುಮಟ್ಟಿಗೆ ಅವಳ ಕೈಗೇ ಹೋಗುತ್ತದೆ.

ಆದ್ದರಿಂದ ನನ್ನ ಪಕ್ಷ ಹೀಗೆ: ಹಾಲಿಗೆ ಸುಂಕ ಇರಲಿ. ರೇಷ್ಮೆಗೂ ಇರಲಿ, ಆದರೆ ಗಡುವಿನೊಂದಿಗೆ. ಆ ಗಡುವಿನೊಳಗೆ ಹಾಸಿಗಾಗುವ ನೂಲು ನಮ್ಮಲ್ಲೇ ಸಾಲುವಷ್ಟು ಆಗಬೇಕು. ಅಲ್ಲಿಯವರೆಗೆ ಸುಂಕದ ಹಣದಲ್ಲಿ ನೇಕಾರನಿಗೂ ಪಾಲು ಸಿಗಬೇಕು.

ಇಲ್ಲಿ ಕೂತಿರುವ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಒಂದು ದಿನ ಬೆಳಿಗ್ಗೆ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ನೋಡಿ. ಇನ್ನೊಂದು ದಿನ ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದು ಕೇಳಿ. ಎರಡೂ ಊರು ನೋಡಿ ಬಂದ ಮೇಲೆ ನನ್ನ ಜೊತೆ ಜಗಳಕ್ಕೆ ಬನ್ನಿ.