ರಜೆ ಮುಗೀತು, ಎಲ್ಲರೂ ಬಂದ್ರಾ?



ಇನ್ನೆರಡು ದಿನ, ಶಾಲೆ ಶುರು. ಪುಸ್ತಕದ ಅಂಗಡಿಗಳ ಮುಂದೆ ಜನ ನಿಂತಿದ್ದಾರೆ. ಟೈಲರ್‌ಗಳು ಎಂದಿನಂತೆ "ನಾಳೆ ಬನ್ನಿ" ಅಂತಿದ್ದಾರೆ. ಈ ಗಡಿಬಿಡಿ ನೋಡಿದ ಕೂಡಲೇ ಮೂವತ್ತು ದಾಟಿದ ನಮ್ಮಂಥವರಿಗೆ ಒಂದು ಕಾಯಿಲೆ ಶುರುವಾಗುತ್ತೆ. "ನಮ್ಮ ಕಾಲದಲ್ಲಿ..." ಅನ್ನೋ ಕಾಯಿಲೆ. ವಾಟ್ಸಾಪ್ ಗ್ರೂಪ್‌ನಲ್ಲಿ ಯಾರಾದರೂ ಒಂದು ಬುಗುರಿ ಚಿತ್ರ ಹಾಕಿದರೆ ಸಾಕು, ಇಡೀ ಗ್ರೂಪ್ ರಾತ್ರಿ ಹನ್ನೊಂದರವರೆಗೂ ಮಲಗೋದಿಲ್ಲ.

ನನಗೂ ಆ ಕಾಯಿಲೆ ಇದೆ. ಹಾಗಾಗಿ ಇವತ್ತು ಪಕ್ಷಗಳ ಜಗಳ ಬೇಡ, ರಜೆಯ ಮಾತಾಡೋಣ. ಆದರೆ ಬರೀ ಮಾವಿನಹಣ್ಣಿನ ಕಥೆ ಹೇಳಿ ಎದ್ದು ಹೋಗಲ್ಲ. ಕೊನೆಯಲ್ಲಿ ನಿಮ್ಮಿಂದ ಒಂದು ಕೆಲಸ ಆಗಬೇಕಿದೆ.

ಏಪ್ರಿಲ್ 10. ಕರ್ನಾಟಕದಲ್ಲಿ ಶಾಲೆ ಕಲಿತವರಿಗೆ ಈ ತಾರೀಖಿನ ಬಗ್ಗೆ ವಿವರಣೆ ಬೇಕಿಲ್ಲ. ಪಾಸೋ ಫೇಲೋ ಗೊತ್ತಾಗುವ ದಿನ. ತಲೆಗೆ ಎಣ್ಣೆ ಹಚ್ಚಿ, ಕ್ರಾಪು ತೆಗೆದು, ದೇವರಿಗೆ ಕೈ ಮುಗಿದು ಹೋಗ್ತಿದ್ವಿ. ಪಾಸಾದವರು ಕಡ್ಲೆಮಿಠಾಯಿನೋ, ಪೆಪ್ಪರ್‌ಮಿಂಟೋ ಹಂಚಬೇಕು. ಮನೆಗೆ ಬಂದು ಬ್ಯಾಗ್ ಮೂಲೆಗೆ ಎಸೆದರೆ ಮುಗೀತು, ಮತ್ತೆ ಅದರ ಮುಖ ನೋಡ್ತಿದ್ದದ್ದು ಜೂನ್‌ಗೇ.

ನಮ್ಮ ಮನೆ ದಾವಣಗೆರೆಯಲ್ಲಿ, ಅಜ್ಜಿ ಮನೆ ಹಿರಿಯೂರಿನ ಕಡೆ ಒಂದು ಹಳ್ಳಿಯಲ್ಲಿ. ಕೆಂಪು ಬಸ್ಸು, ನನಗೆ ಅರ್ಧ ಟಿಕೆಟ್ಟು. ಎತ್ತರ ಜಾಸ್ತಿಯಾದ ಮೇಲೂ ಎರಡು ವರ್ಷ ಅರ್ಧ ಟಿಕೆಟ್ಟೇ. ಕಂಡಕ್ಟರ್ ಬಂದಾಗ ಅಮ್ಮ ಹೆಗಲ ಮೇಲೆ ಕೈಯಿಟ್ಟು ಸ್ವಲ್ಪ ಕೆಳಗೆ ಅದುಮೋರು. ಬಸ್ ಇಳಿದರೆ ಎದುರಿಗೆ ಅಜ್ಜ. ಮೊದಲ ಮಾತು, "ಏನೋ, ಇಷ್ಟು ಸೊರಗಿದೀಯ? ನಿಮ್ಮಪ್ಪ ಅನ್ನ ಹಾಕಲ್ವಾ?"

ಆಮೇಲಿನ ಒಂದೂವರೆ ತಿಂಗಳು ನನ್ನ ತಲೆಯಲ್ಲಿ ವಾರ, ತಾರೀಖು ಇರ್ತಿರಲಿಲ್ಲ. ಬೆಳಗ್ಗೆ ಬಾವಿ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಮಾವ ಮೇಲಿಂದ ತಳ್ಳೋರು. ಈಜು ಕಲಿಸೋ ವಿಧಾನ ಅಷ್ಟೇ, ಬೇರೆ ಸಿಲಬಸ್ ಇರಲಿಲ್ಲ. ಮಧ್ಯಾಹ್ನ ಅಜ್ಜಿ ಮಾಳಿಗೆ ಮೇಲೆ ಸಂಡಿಗೆ ಹಾಕೋರು, ಕಾಗೆ ಕಾಯೋ ಡ್ಯೂಟಿ ನಮ್ಮದು. ಕಾಗೆಗಿಂತ ಹೆಚ್ಚು ಹಸಿ ಸಂಡಿಗೆ ತಿಂದಿದ್ದು ಕಾವಲುಗಾರರೇ. ಹುಣಸೆಹಣ್ಣು, ಬೆಲ್ಲ, ಉಪ್ಪು, ಮೆಣಸಿನಕಾಯಿ, ಜೀರಿಗೆ ಹಾಕಿ ಕುಟ್ಟಿ, ಕಡ್ಡಿಗೆ ಚುಚ್ಚಿಕೊಂಡು ಚೀಪೋದು. ಬಿಸಿಲು ಇಳಿದ ಮೇಲೆ ಚಿನ್ನಿದಾಂಡು, ಲಗೋರಿ. ಕತ್ತಲಾದರೆ ಅಂಗಳದಲ್ಲಿ ಚಾಪೆ, ಚೌಕಾಬಾರ, ಅಜ್ಜಿಯ ಕಥೆ. ಹರಿದುಹೋದ ಬಾಲಮಂಗಳ, ಚಂದಮಾಮಗಳು ಕೈಯಿಂದ ಕೈಗೆ. ಕಥೆಯ ಕೊನೇ ಪುಟ ಯಾವಾಗಲೂ ನಾಪತ್ತೆ. ಕೊನೆ ಏನಾಯ್ತು ಅಂತ ನಾವೇ ಕಟ್ಟಿಕೊಳ್ಳಬೇಕು.

ಕ್ರಿಕೆಟ್ ಹೇಳದೆ ಆ ರಜೆ ಮುಗಿಯಲ್ಲ. 1998ರ ಏಪ್ರಿಲ್, ಶಾರ್ಜಾ. ಮರಳುಗಾಳಿ ಎದ್ದು ಆಟ ನಿಂತಿದ್ದು, ಅದಾದ ಮೇಲೆ ಸಚಿನ್ ಆಸ್ಟ್ರೇಲಿಯಾದವರನ್ನು ಅಟ್ಟಾಡಿಸಿ ಹೊಡೆದಿದ್ದು ನಿಮಗೆ ನೆನಪಿರುತ್ತೆ. ಮರುವರ್ಷ ಇಂಗ್ಲೆಂಡಿನಲ್ಲಿ ವಿಶ್ವಕಪ್. ಮೇ 26, ಟಾಂಟನ್‌ನಲ್ಲಿ ಶ್ರೀಲಂಕಾ ವಿರುದ್ಧದ ಪಂದ್ಯ. ಗಂಗೂಲಿ 183, ನಮ್ಮ ದ್ರಾವಿಡ್ 145, ಇಬ್ಬರ ಜೊತೆಯಾಟ 318. ಆ ದಿನ ಊರಲ್ಲಿ ಕರೆಂಟ್ ಇರಲಿಲ್ಲ. ಯಾರೋ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಬ್ಲ್ಯಾಕ್ ಅಂಡ್ ವೈಟ್ ಟಿವಿಗೆ ಕೊಟ್ಟರು. ನಾನು ಮುಂದೆ ಎಂಜಿನಿಯರಿಂಗ್ ಸೇರಿದಾಗ ಅಪ್ಪ ನೆಂಟರಿಗೆಲ್ಲ ಹೇಳ್ತಿದ್ರು, "ಇವನು ಎಲೆಕ್ಟ್ರಿಕಲ್ ಕಲಿತದ್ದು ಅವತ್ತೇ" ಅಂತ. ನಿಜ ಹೇಳಬೇಕೆಂದರೆ ವೈರ್ ಹಿಡ್ಕೊಂಡು ನಿಂತಿದ್ದೆ, ಅಷ್ಟೇ.

ದ್ರಾವಿಡ್ ಹೊಡೆದ ಖುಷಿಯ ಹಿಂದೆಯೇ ಒಂದು ಸಂಕಟ ಇತ್ತು. ತಾರೀಖು ಮೇ 26. ಅಂದರೆ ಉಳಿದಿರೋದು ಐದೇ ದಿನ. ಅಷ್ಟರಲ್ಲಿ ನೇರಳೆಹಣ್ಣು ಬಂದಿರೋದು, ಮುಂಗಾರಿನ ಮೊದಲ ಹನಿ ಬಿದ್ದು ಮಣ್ಣು ಘಮ್ಮಂದಿರೋದು. ವಾಪಸ್ ಹೊರಡುವಾಗ ಅಜ್ಜಿ ಸೀರೆ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಕೈಗಿಡೋರು. "ಅಮ್ಮಂಗೆ ಹೇಳ್ಬೇಡ" ಅಂತ ಅಮ್ಮನ ಎದುರೇ ಹೇಳೋರು.

ಊರಿಗೆ ಬಂದರೆ ಇನ್ನೊಂದು ಹಬ್ಬ. ಮುಂದಿನ ಕ್ಲಾಸಿಗೆ ಹೋದ ಪಕ್ಕದ ಬೀದಿ ಅಣ್ಣನಿಂದ ಅರ್ಧ ಬೆಲೆಗೆ ಹಳೇ ಪುಸ್ತಕ. ಹಳೇ ಕ್ಯಾಲೆಂಡರ್ ಹಾಳೆ ತಿರುಗಿಸಿ ಬೈಂಡ್. ಅಂಟಿಲ್ಲದಿದ್ದರೆ ಅನ್ನದ ಅಗುಳು. ಟೈಲರ್ ಹತ್ತಿರ ಅಪ್ಪನದು ಪ್ರತಿವರ್ಷ ಒಂದೇ ಡೈಲಾಗ್, "ಬೆಳೆಯೋ ಹುಡುಗ, ಎರಡಿಂಚು ದೊಡ್ಡದಾಗೇ ಹೊಲೀರಿ." ಜೂನ್ ಒಂದರಂದು ಇಡೀ ಕ್ಲಾಸು ದೊಡ್ಡಣ್ಣಂದಿರ ಚಡ್ಡಿ ಹಾಕ್ಕೊಂಡು ಬಂದಂಗೆ ಕಾಣ್ತಿತ್ತು. ಹೊಸ ನೋಟ್‌ಬುಕ್ ಮೊದಲ ಪುಟದಲ್ಲಿ ಮುತ್ತಿನಂಥ ಅಕ್ಷರ. ನಾಲ್ಕನೇ ಪುಟಕ್ಕೆ ಮತ್ತೆ ಕಾಗೆ ಕಾಲು, ಗುಬ್ಬಿ ಕಾಲು.

ಇಲ್ಲಿಯವರೆಗೆ ಹೇಳಿದ್ದನ್ನು ನೀವೂ ಹೇಳಬಲ್ಲಿರಿ. ಊರು ಬೇರೆ, ಬಾವಿಯ ಬದಲು ಹೊಳೆ, ಅಜ್ಜಿ ಬದಲು ದೊಡ್ಡಮ್ಮ, ಅಷ್ಟೇ ವ್ಯತ್ಯಾಸ. ಈಗ ನಾವ್ಯಾರೂ ಗ್ರೂಪ್‌ನಲ್ಲಿ ಹಾಕದ ಒಂದು ನೆನಪು ಹೇಳ್ತೀನಿ.

ನಾನು ಆರನೇ ಕ್ಲಾಸಲ್ಲಿ ರೋಲ್ ನಂಬರ್ 18. ನನ್ನ ಮುಂದಿನ 17 ಒಬ್ಬ ಹುಡುಗಿ. ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಚುರುಕು. ಹಾಜರಿ ಕರೆಯುವಾಗ ಅವಳು "ಎಸ್ ಮಿಸ್" ಅಂದ ಕೂಡಲೇ ನಾನು ಅನ್ನಬೇಕು, ಹಾಗಾಗಿ ಆ ದನಿ ಕಿವಿಗೆ ಅಭ್ಯಾಸವಾಗಿತ್ತು. ಏಪ್ರಿಲ್ 10ಕ್ಕೆ ಅವಳೂ ಪಾಸಾದಳು. ಜೂನ್‌ನಲ್ಲಿ ಏಳನೇ ಕ್ಲಾಸಿಗೆ ಬರಲಿಲ್ಲ. ಹೊಸ ಕ್ಲಾಸು ಅಂದರೆ ಹೊಸ ಹಾಜರಿ ಪುಸ್ತಕ. ಮಿಸ್ ಅಕ್ಷರಮಾಲೆ ಪ್ರಕಾರ ಹೆಸರು ಬರೆದು ಹೊಸ ನಂಬರ್ ಕೊಟ್ಟರು. ನಾನು 17 ಆದೆ. ನನ್ನ ಹಿಂದಿನವನು 18. ಎಲ್ಲೂ ಒಂದು ಜಾಗ ಖಾಲಿ ಉಳೀಲಿಲ್ಲ. ಹುಡುಗಿಯನ್ನು ಬೆಂಗಳೂರಿನಲ್ಲಿ ಯಾರದೋ ಮನೆ ಕೆಲಸಕ್ಕೆ ಬಿಟ್ಟಿದ್ದಾರೆ ಅಂತ ಆಮೇಲೆ ಯಾರೋ ಹೇಳಿದರು. ನಾವು ಲಗೋರಿ ಆಡೋಕೆ ಹೋದ್ವಿ. ಹನ್ನೊಂದು ವರ್ಷದ ಮಕ್ಕಳು ಇನ್ನೇನು ಮಾಡ್ತಾರೆ?

ಈಗ ಯೋಚಿಸಿದರೆ ಒಂದು ವಿಷಯ ಗೊತ್ತಾಗುತ್ತೆ. ಪರೀಕ್ಷೆಯಲ್ಲಿ ಫೇಲಾಗಿ ಶಾಲೆ ಬಿಟ್ಟ ಮಗು ಎಲ್ಲರ ಕಣ್ಣಿಗೂ ಬೀಳುತ್ತೆ. ನಡುವರ್ಷದಲ್ಲಿ ಬಿಟ್ಟರೆ ಹಾಜರಿ ಪುಸ್ತಕದಲ್ಲಿ ಸಾಲು ಸಾಲು ಗೈರುಹಾಜರಿ ಕಾಣುತ್ತೆ. ಬೇಸಿಗೆ ರಜೆಯಲ್ಲಿ ಕಳೆದುಹೋದ ಮಗು ಮಾತ್ರ ಸದ್ದಿಲ್ಲದೆ ಹೋಗುತ್ತೆ. ಯಾಕಂದರೆ ಆ ಎರಡು ತಿಂಗಳು ಹಾಜರಿ ಕರೆಯೋರೇ ಇರಲ್ಲ.

ಅದೇ ಎರಡು ತಿಂಗಳಲ್ಲಿ ಏನೇನು ನಡೆಯುತ್ತೆ ನೋಡಿ. ಏಪ್ರಿಲ್, ಮೇ ಅಂದರೆ ಮದುವೆ ಸೀಸನ್. ಅಕ್ಷಯ ತೃತೀಯ, ಬಸವ ಜಯಂತಿ, ಸಾಮೂಹಿಕ ವಿವಾಹಗಳು. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರಲ್ಲೇ ಬಂದಿದೆ. ಆದರೂ ಈ ದಿನಗಳಲ್ಲಿ ಅಧಿಕಾರಿಗಳು ಕಲ್ಯಾಣ ಮಂಟಪಗಳ ಮೇಲೆ ಕಣ್ಣಿಡಬೇಕಾಗುತ್ತೆ. ಶಾಲೆ ನಡೀತಿದ್ದರೆ "ಯಾಕಮ್ಮಾ ಮೂರು ದಿನದಿಂದ ಬಂದಿಲ್ಲ" ಅಂತ ಕೇಳೋ ಟೀಚರ್ ಇರ್ತಾರೆ. ರಜೆಯಲ್ಲಿ ಯಾರು ಕೇಳಬೇಕು? ಇನ್ನೊಂದು ಕಡೆ ಗುಳೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಸಂಸಾರಗಳು ದುಡಿಯೋಕೆ ಬೆಂಗಳೂರಿಗೋ, ಮುಂಬೈಗೋ, ಗೋವಾಕ್ಕೋ ಹೊರಟರೆ ಮಕ್ಕಳೂ ಜೊತೆಗೇ ಹೋಗ್ತಾರೆ. ಮಳೆ ಬಂದರೆ ವಾಪಸ್. ಮಳೆ ಕೈಕೊಟ್ಟರೆ? ಮಗು ಅಲ್ಲೇ, ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ, ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು.

ಊಟದ ಮಾತೂ ಇದೆ. ನಮಗೆ ರಜೆ ಅಂದರೆ ಅಜ್ಜಿ ಕೈಯೂಟ. ಮಧ್ಯಾಹ್ನದ ಬಿಸಿಯೂಟವನ್ನೇ ನಂಬಿದ ಮಗುವಿಗೆ ರಜೆ ಅಂದರೆ ಒಂದು ಹೊತ್ತು ಕಡಿಮೆ. ಇದು ಭಾವುಕತೆಯ ಮಾತಲ್ಲ. 2004ರ ಏಪ್ರಿಲ್‌ನಲ್ಲೇ ಸುಪ್ರೀಂ ಕೋರ್ಟ್, ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಿ ಅಂತ ಆದೇಶ ಮಾಡಿದೆ. ನಮ್ಮ ರಾಜ್ಯದಲ್ಲಿ 2023ರಲ್ಲಿ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಘೋಷಣೆಯಾದಾಗ, ಮುಂದಿನ ಬೇಸಿಗೆಯಲ್ಲಿ ಶಾಲೆಗಳ ಒಲೆ ಹಚ್ಚಬೇಕಾಯ್ತು. ರಜೆಯಲ್ಲೂ ತಟ್ಟೆ ಹಿಡಿದು ಶಾಲೆಗೆ ನಡೆದುಕೊಂಡು ಬಂದ ಮಕ್ಕಳ ಬೇಸಿಗೆ ನೆನಪು, ಮುಂದೆ ಯಾವ ವಾಟ್ಸಾಪ್ ಗ್ರೂಪ್‌ನಲ್ಲಿ ಬರುತ್ತೆ ಹೇಳಿ?

ರಜೆ ಖುಷಿ ಕೊಡೋದು ಅದು ಮುಗಿಯುತ್ತೆ ಅನ್ನೋ ಖಾತ್ರಿ ಇರೋದರಿಂದ. ಇದನ್ನು ಕೊರೊನಾ ನಮಗೆ ಕಲಿಸಿತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳು ಮತ್ತೆ ಬೆಂಚಿನ ಮೇಲೆ ಕೂತದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು! ಮಧ್ಯೆ ವಿದ್ಯಾಗಮ ಅಂತ ಮೇಷ್ಟ್ರುಗಳು ದೇವಸ್ಥಾನದ ಜಗಲಿಯಲ್ಲಿ, ಅರಳಿಮರದ ಕಟ್ಟೆಯಲ್ಲಿ ಪಾಠ ಮಾಡಿದರು. ಆದರೂ ಅಕ್ಷರ ಮರೆತ ಮಕ್ಕಳಿಗೆ ಮತ್ತೆ ಕಲಿಸಬೇಕು ಅಂತ 2022ರಲ್ಲಿ ರಜೆ ಮೊಟಕು ಮಾಡಿ ಮೇ 16ಕ್ಕೇ ಶಾಲೆ ತೆರೆದರು. ಕಲಿಕಾ ಚೇತರಿಕೆ ಅಂತ ಹೆಸರಿಟ್ಟರು. ಮರೆತ ಅಕ್ಷರಕ್ಕೆ ಚೇತರಿಕೆ ಇದೆ. ಶಾಲೆಗೇ ವಾಪಸ್ ಬಾರದ ಮಗುವಿಗೆ ಅದು ಹೇಗೆ ತಲುಪಬೇಕು?

ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯೋ ಹಂಗಾಮು ಮುಗಿದ ಮೇಲೆ ಯಂತ್ರ ನಿಲ್ಲಿಸಿ, ಬಿಚ್ಚಿ, ತೊಳೆದು, ಎಣ್ಣೆ ಹಾಕ್ತಾರೆ. ಯಂತ್ರಕ್ಕೂ ರಜೆ ಬೇಕು. ಆದರೆ ಮತ್ತೆ ಚಾಲೂ ಮಾಡೋ ಮುಂಚೆ ಒಳ್ಳೇ ಎಂಜಿನಿಯರ್ ನೋಡೋದು ಒಂದೇ: ಬಿಚ್ಚಿಟ್ಟ ಭಾಗವೆಲ್ಲ ಜಾಗಕ್ಕೆ ವಾಪಸ್ ಬಂದಿದೆಯಾ? ನಾವು ಶಾಲೆ ಚಾಲೂ ಮಾಡೋ ದಿನ ಏನು ನೋಡ್ತೀವಿ? ಬಾಗಿಲಿಗೆ ಮಾವಿನ ತೋರಣ, ಮಕ್ಕಳ ಕೈಗೆ ಹೂವು, ಬಾಯಿಗೆ ಸಿಹಿ. ಎಲ್ಲ ಚೆಂದವೇ, ಇರಲಿ. ನಮ್ಮ ಟಿವಿಯವರೂ ಬರ್ತೀವಿ. ಅಮ್ಮನ ಸೆರಗು ಹಿಡಿದು ಅಳೋ ಪುಟ್ಟ ಮಗುವಿನ ದೃಶ್ಯ ನಮಗೆ ಪ್ರತಿವರ್ಷ ಸಿಗುತ್ತೆ. ಬಾರದೇ ಇರೋ ಮಗುವನ್ನು ಯಾವ ಕ್ಯಾಮೆರಾ ತಾನೇ ಶೂಟ್ ಮಾಡುತ್ತೆ? ಅದನ್ನು ಎಣಿಸಿಯೇ ಕಂಡುಹಿಡಿಯಬೇಕು.

ಎಣಿಸೋದು ಕಾನೂನಿನಲ್ಲಿದೆ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಐದನೇ ತರಗತಿವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೀಬೇಕು ಅಂತ ಅದು ದಿನಗಳನ್ನು ಎಣಿಸುತ್ತೆ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿನ ದಾಖಲಾತಿ, ಹಾಜರಾತಿ ನೋಡಿಕೊಳ್ಳೋದು ಸ್ಥಳೀಯ ಆಡಳಿತದ ಕರ್ತವ್ಯ ಅಂತಲೂ ಹೇಳುತ್ತೆ. 2013ರಲ್ಲಿ ನಮ್ಮ ಹೈಕೋರ್ಟ್, ಪತ್ರಿಕೆಯ ವರದಿ ನೋಡಿ, ಶಾಲೆ ಬಿಟ್ಟ ಮಕ್ಕಳ ಬಗ್ಗೆ ತಾನಾಗಿಯೇ ಕೇಸು ಎತ್ತಿಕೊಂಡು ಸರ್ಕಾರವನ್ನು ಕೇಳಿತ್ತು. ಒಂದು ಸುದ್ದಿ ಅಷ್ಟು ಕೆಲಸ ಮಾಡಬಲ್ಲದಾದರೆ, ಒಬ್ಬ ವೀಕ್ಷಕ ತನ್ನ ಬೀದಿಯಲ್ಲಿ ಎಷ್ಟು ಮಾಡಬಹುದು?

ನಾನು ಕೇಳ್ತೀನಿ ಅಂದ ಕೆಲಸ ಇದು. ಜೂನ್ ಮೊದಲ ವಾರ ನಿಮ್ಮ ಮಗ ಅಥವಾ ಮಗಳು ಶಾಲೆಯಿಂದ ಬಂದಾಗ "ಹೊಸ ಮಿಸ್ ಹೇಗಿದ್ದಾರೆ" ಅಂತ ಕೇಳೇ ಕೇಳ್ತೀರಿ. ಅದರ ಜೊತೆ ಇನ್ನೊಂದು ಪ್ರಶ್ನೆ ಸೇರಿಸಿ: "ಹೋದ ವರ್ಷ ಇದ್ದವರಲ್ಲಿ ಯಾರು ಬಂದಿಲ್ಲ?" ಮಕ್ಕಳಿಗೆ ಗೊತ್ತಿರುತ್ತೆ. ಹೆಸರು ಸಿಕ್ಕರೆ ಮೇಷ್ಟ್ರಿಗೆ ಒಂದು ಮಾತು ಹೇಳಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಸದಸ್ಯರಿಗೆ ಹೇಳಿ. ಬೇರೆ ಶಾಲೆಗೆ ಸೇರಿದ್ದರೆ ಸಂತೋಷ, ವಿಷಯ ಅಲ್ಲಿಗೆ ಮುಗೀತು. ಮದುವೆ ಮಾಡ್ತಿದ್ದಾರೆ, ಕೆಲಸಕ್ಕೆ ಹಾಕಿದ್ದಾರೆ ಅಂತ ಗೊತ್ತಾದರೆ 1098ಕ್ಕೆ ಫೋನ್ ಮಾಡಿ, ಅದು ಮಕ್ಕಳ ಸಹಾಯವಾಣಿ.

ಬೆಂಗಳೂರಿನ ವೀಕ್ಷಕರಿಗೆ ಇನ್ನೊಂದು ಮಾತು. ನಿಮ್ಮ ಪಕ್ಕದ ಸೈಟಿನಲ್ಲಿ ಕಟ್ಟಡ ಏಳ್ತಿದೆಯಾ? ಅಲ್ಲಿ ಮರಳಿನ ಗುಡ್ಡೆ ಮೇಲೆ ಆಡ್ತಿರೋ ಮಗುವನ್ನು ಮಾತಾಡಿಸಿ, ಅವರಪ್ಪನಿಗೆ ಹತ್ತಿರದ ಸರ್ಕಾರಿ ಶಾಲೆ ತೋರಿಸಿ. "ಟಿಸಿ ಊರಲ್ಲಿದೆ ಸ್ವಾಮಿ" ಅಂತಾರೆ. ಟಿಸಿ ತಡವಾಯ್ತು, ಜನನ ಪ್ರಮಾಣಪತ್ರ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸೋ ಹಾಗಿಲ್ಲ, ಕಾನೂನೇ ಹಾಗಿದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿರೋ ನೀವು ಹೇಳಿ.

ನೆನಪು ಮಾಡಿಕೊಳ್ಳೋದು ತಪ್ಪಲ್ಲ. ಬುಗುರಿ ಚಿತ್ರ ಹಾಕಿ, ಹುಣಸೆಹಣ್ಣಿನ ಸುದ್ದಿ ತೆಗೆದು ಬಾಯಲ್ಲಿ ನೀರೂರಿಸಿ. ಆದರೆ ಈ ಜೂನ್‌ನಲ್ಲಿ ನಿಮ್ಮ ಒಂದು ಫೋನಿನಿಂದ ಒಂದು ಮಗು ಬೆಂಚಿಗೆ ವಾಪಸ್ ಬಂದರೆ, ಇನ್ನಿಪ್ಪತ್ತು ವರ್ಷ ಆದ ಮೇಲೆ ಆ ಮಗುವೂ "ನಮ್ಮ ಕಾಲದಲ್ಲಿ..." ಅಂತ ಶುರು ಮಾಡುತ್ತೆ. ಆ ಕಾಯಿಲೆ ಎಲ್ಲರಿಗೂ ಬರಲಿ.