ತುಕ್ಕು ಹಿಡಿದ ಸ್ಕ್ರೂ



ಇವತ್ತು ನಾವು ಒಂದು ಸಣ್ಣ ಸಾಮಾನಿನ ಬಗ್ಗೆ ಮಾತಾಡುವ. ಅದರ ಹೆಸರು ಸ್ಕ್ರೂ.

"ಹೆಂಗಸರಿಗೆ ಸ್ಕ್ರೂವಿನ ಸುದ್ದಿ ಯಾಕೆ?" ಅಂತ ಕೇಳುವವರು ಇದ್ದಾರೆ. ಮನೆಯ ಕಾಲುದೀಪವನ್ನು ಬಿಚ್ಚಿ, ಹುಣಸೆಹುಳಿ ಹಾಕಿ ತಿಕ್ಕುವವರು ಯಾರು? ನಾವೇ. ದೀಪದ ಕಂಬವನ್ನು ತಿರುಗಿಸಿ ಬಿಚ್ಚುತ್ತೇವೆ. ತಿರುಗಿಸಿ ಕೂರಿಸುತ್ತೇವೆ. ಸ್ಕ್ರೂ ಕೂಡ ಹಾಗೆಯೇ. ಅದರ ಮೈಯಲ್ಲಿ ಸುತ್ತು ಸುತ್ತಾಗಿ ಗೆರೆ ಉಂಟು. ಗ್ಯಾರೇಜಿನವರು ಅದಕ್ಕೆ ಥ್ರೆಡ್ ಅನ್ನುತ್ತಾರೆ. ಗಡಿಯಾರದ ಮುಳ್ಳು ಹೋಗುವ ಕಡೆಗೆ ತಿರುಗಿಸಿದರೆ ಬಿಗಿ ಆಗುತ್ತದೆ. ಎದುರು ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ.

ದೀಪ ಹಿತ್ತಾಳೆಯದ್ದು. ಅದಕ್ಕೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಕಬ್ಬಿಣದ ಸ್ಕ್ರೂವಿಗೆ ಹಿಡಿಯುತ್ತದೆ. ತುಕ್ಕು ಬರಲು ನೀರೂ ಬೇಕು, ಗಾಳಿಯೂ ಬೇಕು. ನಮ್ಮ ಜಿಲ್ಲೆಯಲ್ಲಿ ಎರಡಕ್ಕೂ ಬರ ಇಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅಷ್ಟೂ ನೀರು ಹರಿಯದೆ ನಿಂತರೆ ಎರಡು ಆಳಿನ ಎತ್ತರ ದಾಟುತ್ತದೆ. ಬಂಟ್ವಾಳ ಆಗಲಿ, ಬೆಳ್ತಂಗಡಿ ಆಗಲಿ, ಮೂಡಬಿದಿರೆ ಆಗಲಿ, ಮಳೆಗಾಲದಲ್ಲಿ ತುಕ್ಕು ಹಿಡಿಯದ ಕತ್ತಿ ಯಾರ ಮನೆಯಲ್ಲಿ ಉಂಟು?

ಅಕ್ಕಿ ಬೆಂದು ಅನ್ನ ಆದಾಗ ಉಬ್ಬುತ್ತದೆ ಅಲ್ಲವೇ? ಕಬ್ಬಿಣ ತುಕ್ಕಾದಾಗಲೂ ಉಬ್ಬುತ್ತದೆ. ಹೆಚ್ಚು ಜಾಗ ಹಿಡಿಯುತ್ತದೆ. ಥ್ರೆಡ್ಡಿನ ಸಂದಿ ತುಂಬಿ ಹೋಗುತ್ತದೆ. ಆಗ ಸ್ಕ್ರೂ ಕಚ್ಚಿಕೊಂಡು ಬಿಡುತ್ತದೆ.

ಈಗ ಒಂದು ನಡೆದ ಸಂಗತಿ ಹೇಳುತ್ತೇವೆ.

2019ರ ಆಗಸ್ಟ್ ತಿಂಗಳಲ್ಲಿ ಬೆಳ್ತಂಗಡಿ ತಾಲೂಕಿಗೆ ದೊಡ್ಡ ನೆರೆ ಬಂತು. ಚಾರ್ಮಾಡಿ ಕಡೆಯ ಊರುಗಳಲ್ಲಿ ತೋಟಕ್ಕೆ ಕೆಸರು ನುಗ್ಗಿತು. ಬಂಟ್ವಾಳದಲ್ಲಿ ನೇತ್ರಾವತಿ ಉಕ್ಕಿತು. ನಮ್ಮ ಓದುವ ಕೂಟದ ಒಬ್ಬ ಅಕ್ಕನ ಅಂಗಳಕ್ಕೂ ನೀರು ಬಂತು. ಬಾಡಿಗೆಗೆ ಓಡಿಸುವ ಹಳೆಯ ಜೀಪು ಕೆಸರಿನಲ್ಲಿ ನಿಂತಿತು. ಆ ಜೀಪೇ ಆ ಮನೆಯ ಅನ್ನ. ಅವರ ಯಜಮಾನರು ಕಾಲು ನೋವಾಗಿ ಮಲಗಿದ್ದರು.

ಮೆಕ್ಯಾನಿಕ್ ಬಂದು ನೋಡಿದರು. ಬ್ಯಾಟರಿಯ ವಯರು ಬಿಚ್ಚಿಟ್ಟರು. "ಜೀಪು ಸ್ಟಾರ್ಟ್ ಮಾಡಲೇಬೇಡಿ. ಒಳಗೆ ನೀರು ಇದ್ದರೆ ಇಂಜಿನ್ ಪೂರ್ತಿ ಹಾಳಾಗ್ತದೆ. ನನಗೆ ಪುನಃ ಬರಲು ಒಂದು ವಾರ ಬೇಕು. ಅಷ್ಟರಲ್ಲಿ ಬಾನೆಟ್ ತೆಗೆದು ಕೆಸರು ತೊಳೆದಿಟ್ಟರೆ ಕೆಲಸ ಬೇಗ ಆಗ್ತದೆ" ಅಂತ ಹೇಳಿ ಹೋದರು.

ಬಾನೆಟ್ಟಿನ ಬಿಜಾಗರಿಗೆ ನಾಲ್ಕು ಸ್ಕ್ರೂ. ನಾಲ್ಕೂ ಕಚ್ಚಿಕೊಂಡಿದ್ದವು. ನೆರೆಮನೆಯ ಹುಡುಗ ಬಂದ. "ನೀವು ಸರಿಯಿರಿ" ಅಂದ. ಜೋರಾಗಿ ತಿರುಗಿಸಿದ. ಟಕ್ ಅಂತ ಒಂದು ಸ್ಕ್ರೂವಿನ ತಲೆಯೇ ಮುರಿಯಿತು. ಹುಡುಗ ಮೆಲ್ಲ ಮನೆಗೆ ಹೋದ.

ಉಳಿದ ಮೂರನ್ನು ಅಕ್ಕ, ಅವರ ಮಗಳು ಮತ್ತು ನಾವು ಸೇರಿ ತೆಗೆದೆವು. ಹೇಗೆ ಅಂತ ಕೇಳಿ.

ಮೊದಲು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆಸರು ತೆಗೆದೆವು. ಸ್ಕ್ರೂವಿನ ತಲೆಯ ಗೀರನ್ನು ಸೂಜಿಯಿಂದ ಕೆರೆದೆವು. ಗೀರಿನಲ್ಲಿ ಮಣ್ಣು ಇದ್ದರೆ ಸ್ಕ್ರೂಡ್ರೈವರ್ ಕೂರುವುದಿಲ್ಲ.

ಆಮೇಲೆ ನಾಲ್ಕು ಹನಿ ಚಿಮಿಣಿ ಎಣ್ಣೆ ಬಿಟ್ಟೆವು. ಅದು ತೆಳ್ಳಗೆ ಇರುವುದರಿಂದ ಸಂದಿಗೆ ಇಳಿಯುತ್ತದೆ. ತೆಂಗಿನೆಣ್ಣೆ ದಪ್ಪ, ಬೇಗ ಇಳಿಯುವುದಿಲ್ಲ. ಚಿಮಿಣಿ ಎಣ್ಣೆ ಸಿಗದಿದ್ದರೆ ವಾಹನದ ಸಾಮಾನಿನ ಅಂಗಡಿಯಲ್ಲಿ ತುಕ್ಕು ಬಿಡಿಸುವ ಸ್ಪ್ರೇ ಸಿಗುತ್ತದೆ. ಹತ್ತಿರ ಬೆಂಕಿ, ಬೀಡಿ ಬೇಡ.

ಎಣ್ಣೆ ಬಿಟ್ಟು ಒಂದು ರಾತ್ರಿ ಕಾದೆವು. ಕಾಯುವುದೇ ಅರ್ಧ ಕೆಲಸ.

ಬೆಳಿಗ್ಗೆ ಗೀರಿಗೆ ಸರಿ ಹೊಂದುವ ಸ್ಕ್ರೂಡ್ರೈವರ್ ಇಟ್ಟೆವು. ಅದರ ಹಿಡಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆವು. ತಟ್ಟಿದರೆ ತುಕ್ಕು ಸಡಿಲ ಆಗುತ್ತದೆ. ಮೈಭಾರ ಬಿಟ್ಟು ಒತ್ತಿ ಹಿಡಿದೆವು. ಮೊದಲು ಬಿಗಿ ಮಾಡುವ ಕಡೆಗೆ ಸ್ವಲ್ಪವೇ ಸ್ವಲ್ಪ, ಆಮೇಲೆ ಬಿಚ್ಚುವ ಕಡೆಗೆ. ಹೀಗೆ ಹಿಂದೆ ಮುಂದೆ. ಕಿರ್ ಅಂತ ಒಂದು ಸದ್ದು ಬಂತು. ಅಕ್ಕ "ಬಂತು ಮಾರಾಯ್ತಿ!" ಅಂತ ಕೂಗಿದರು. ಎರಡನೆಯದೂ ಬಂತು.

ಮೂರನೆಯದರ ಗೀರು ಸವೆದು ಹೋಗಿತ್ತು. ಹಳೆಯ ಸೈಕಲ್ ಟ್ಯೂಬಿನ ಸಣ್ಣ ತುಂಡನ್ನು ಮಧ್ಯೆ ಇಟ್ಟು ಒತ್ತಿ ತಿರುಗಿಸಿದೆವು. ರಬ್ಬರ್ ಹಿಡಿದುಕೊಂಡಿತು. ಅದೂ ಬಂತು.

ತಲೆ ಮುರಿದ ಸ್ಕ್ರೂ ಮಾತ್ರ ನಮ್ಮಿಂದ ಆಗಲಿಲ್ಲ. ಅದನ್ನು ಮೆಕ್ಯಾನಿಕ್ ಡ್ರಿಲ್ ಹಾಕಿಯೇ ತೆಗೆಯಬೇಕಾಯಿತು. ತಲೆ ಇಲ್ಲದ ಆ ಕಡೆಯ ಬಿಜಾಗರಿಯನ್ನು ಅಲುಗಿಸಿ ಅಲುಗಿಸಿ ಬಿಡಿಸಿದೆವು. ಬಾನೆಟ್ ಭಾರ ಉಂಟು. ಕೊನೆಯ ಸ್ಕ್ರೂ ಬಿಚ್ಚುವಾಗ ಇಬ್ಬರು ಎರಡು ಕಡೆ ಹಿಡಿದಿರಬೇಕು. ಇಲ್ಲದಿದ್ದರೆ ಕೈಗೆ ಪೆಟ್ಟು.

ಬಿಚ್ಚಿದ ಸ್ಕ್ರೂಗಳನ್ನು ಅಕ್ಕ ಎರಡು ಗೆರಟೆಯಲ್ಲಿ ಹಾಕಿದರು. ಮಗಳ ಸೀಮೆಸುಣ್ಣ ತಂದರು. ಒಂದು ಗೆರಟೆಯ ಮೇಲೆ "ಎಡ" ಅಂತ ಬರೆದರು. ಇನ್ನೊಂದರ ಮೇಲೆ "ಬಲ" ಅಂತ ಬರೆದರು. ಅಕ್ಷರ ಸ್ವಲ್ಪ ಸೊಟ್ಟ ಇತ್ತು. ಆದರೆ ಯಾರೂ ಹೇಳಿ ಬರೆಸಿದ್ದಲ್ಲ. ವಾರ ಕಳೆದು ಮೆಕ್ಯಾನಿಕ್ ಬಂದರು. ಗೆರಟೆ ನೋಡಿದರು, ಓದಿದರು. "ಇದು ಯಾರು ಬರೆದದ್ದು?" ಅಂತ ಕೇಳಿದರು.

"ನಾನೇ" ಅಂದರು ಅಕ್ಕ.

ಹಿಂದೆ ಕೂರಿಸುವಾಗ ಪ್ರತಿ ಸ್ಕ್ರೂವಿಗೆ ಸ್ವಲ್ಪ ಗ್ರೀಸ್ ಹಚ್ಚಿದರು. ಗ್ರೀಸ್ ಇದ್ದರೆ ನೀರು ಒಳಗೆ ಇಳಿಯುವುದಿಲ್ಲ. ನಮ್ಮ ಹೊಲಿಗೆ ಮಿಷನಿಗೆ, ಪಂಪಿನ ಮುಚ್ಚಳಕ್ಕೆ ಕೂಡ ಇದೇ ಉಪಾಯ. ಪಂಪು ಮುಟ್ಟುವ ಮೊದಲು ಮೇನ್ ಸ್ವಿಚ್ ಆಫ್ ಮಾಡಲು ಮರೆಯಬೇಡಿ.

ಅಕ್ಕಂದಿರೇ, ಓದು ಬರಹವೂ ಹೀಗೆಯೇ. ವರ್ಷಗಟ್ಟಲೆ ಕಚ್ಚಿಕೊಂಡದ್ದು ಒಂದೇ ಏಟಿಗೆ ಬಿಡುವುದಿಲ್ಲ. ಸ್ವಲ್ಪ ಎಣ್ಣೆ, ಸ್ವಲ್ಪ ತಾಳ್ಮೆ, ದಿನಾ ಸ್ವಲ್ಪ ಹಿಂದೆ ಮುಂದೆ. ನಾಳೆ ಬರುವಾಗ ನಿಮ್ಮ ಮನೆಯಲ್ಲಿ ತುಕ್ಕು ಹಿಡಿದ ಐದು ಸಾಮಾನಿನ ಹೆಸರು ಬರೆದು ತನ್ನಿ. ಎಲ್ಲರೂ ಸೇರಿ ಓದುವ.